ಶಟರ್ ಒಳಗೆ ಓದಿದ ಕಾನೂನು

ನಾನು ಗಮನವಿಟ್ಟು ಕಾನೂನು ಓದಿದ್ದು ಜೀವನದಲ್ಲಿ ಒಂದೇ ಸಲ. ಅದೂ ಹಿಟ್ಟಿನ ಗಿರಣಿಯ ಶಟರ್ ಒಳಗೆ ಕೂತು.

ಹೊರಗೆ ಜನ ಶಟರ್ ಬಡಿಯುತ್ತಿದ್ದರು. ಒಳಗೆ ಅರೆಗತ್ತಲು, ಜೋಳದ ಹಿಟ್ಟಿನ ಬಿಸಿ ವಾಸನೆ. ನನ್ನ ಕಾಲ ಬಳಿ ವಯಸ್ಸಾದ ಒಬ್ಬ ಮನುಷ್ಯ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದ. ನನ್ನ ಕೈಯಲ್ಲಿ ಫೋನ್. ಫೋನಿನ ಒಳಗೆ ನನ್ನ ಹಳೆಯ ಕ್ಲಾಸ್‌ಮೇಟ್‌ಗಳು. ಆ ಮನುಷ್ಯನನ್ನು ಹಿಡಿದು ಬಡಿಯುವುದು ಕಾನೂನಿನ ಪ್ರಕಾರ ಸರಿಯೋ ತಪ್ಪೋ ಅಂತ ಅವರು ಚರ್ಚೆ ಮಾಡುತ್ತಿದ್ದರು. ನಡುನಡುವೆ ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕುತ್ತಿದ್ದರು. (ಮಧ್ಯಾಹ್ನವಾಗಿತ್ತು. ನಮ್ಮ ಗ್ರೂಪಿನಲ್ಲಿ ಬೆಳಗು ತಡವಾಗಿಯೇ ಆಗುತ್ತದೆ.)

ಈಗಲೂ ನಮ್ಮ ಓಣಿಯಲ್ಲಿ ಯಾರಾದರೂ ಅಂಗಡಿಯ ಶಟರ್ ಎಳೆದರೆ ನಾನು ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತೇನೆ. ಚಾಕ್‌ಪೀಸ್ ಹಿಡಿದು ಬೋರ್ಡಿನ ಕಡೆ ತಿರುಗಿದರೂ ಅದೇ ಸದ್ದು. ಈ ವಾರ ಬೇರೆ ಏನೋ ಬರೆಯಬೇಕಿತ್ತು. ಕೂತರೆ ಇದೇ ಬರುತ್ತಿದೆ. ಹಾಗಾಗಿ ಇದನ್ನೇ ಬರೆಯುತ್ತೇನೆ.

ಊರಿನ ಹೆಸರು ಹೇಳುವುದಿಲ್ಲ. ಆಳಂದ ತಾಲೂಕು ಅಂದರೆ ಸಾಕು. ಹೇಳಿದರೆ ಈ ಅಂಕಣವನ್ನೇ ಯಾರೋ ಫೋಟೊ ಹೊಡೆದು, ಕೆಂಪು ಗೆರೆ ಎಳೆದು, 'ಎಚ್ಚರ' ಅಂತ ಫಾರ್ವರ್ಡ್ ಮಾಡುತ್ತಾರೆ. ಮಾಡುವುದಿಲ್ಲ ಅಂತೀರಾ?

ಅದು ನನ್ನ ಗಂಡನ ಊರು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೋಗಿದ್ದೆವು. ಹಬ್ಬದ ದಿನ ಹೊಲದಲ್ಲಿ ಕಂಬಳಿ ಹಾಸಿ, ಹೋಗಿ ಬರುವವರನ್ನೆಲ್ಲ ಕರೆದು ಕಾಳು-ಸೊಪ್ಪಿನ ಭಜ್ಜಿ, ಸಜ್ಜಿ ರೊಟ್ಟಿ ಉಣಿಸಿದ್ದಾಯಿತು. ಮರುದಿನ ನನ್ನ ಗಂಡ ಜೇವರ್ಗಿಗೆ ಹೊರಟ. ನಾನು ಕಾಲೇಜಿಗೆ ರಜೆ ಹಾಕಿ ಉಳಿದೆ. ಮನೆಯಲ್ಲಿ ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಮಹಾದೇವಿ ಮತ್ತು ನಾನು. ಆಕೆ ದೊಡ್ಡವಳು, ನಾನು ಅಕ್ಕಾ ಅನ್ನುತ್ತೇನೆ. ಭಾವ ತೊಗರಿ ರಾಶಿಗೆ ಹೋಗಿದ್ದರು.

ಮಧ್ಯಾಹ್ನದ ರೊಟ್ಟಿ ಬಡಿಯುವ ಹೊತ್ತಿಗೆ ಬಾಗಿಲ ಮುಂದೆ ಒಂದು ಮೋಟರ್ ಸೈಕಲ್ ಬಂದು ನಿಂತಿತು. ಇಳಿದವನು ರುಮಾಲು ಸರಿಮಾಡಿಕೊಂಡು, ಕಟ್ಟೆಯ ಮೇಲೆ ಕೂತು, ಯಾರನ್ನೂ ಕೇಳದೆ ಜೋರು ದನಿಯಲ್ಲಿ ಶುರುಮಾಡಿಯೇ ಬಿಟ್ಟ. ಈ ಮನೆತನದ ಮೂಲಪುರುಷ ಯಾರು, ಅವನ ಮಕ್ಕಳು ಎಷ್ಟು, ಯಾವನು ಅಫಜಲಪುರದ ಕಡೆ ಹೋಗಿ ಭೀಮಾ ದಂಡೆಗೆ ನೆಲೆ ನಿಂತ, ಯಾವನು ಇಲ್ಲೇ ಉಳಿದ...

"ಹೆಳವರ ಭೀಮಪ್ಪ ಬಂದಾನ!" ಅಂತ ಮಹಾದೇವಿ ಅಕ್ಕ ಹಿಟ್ಟು ಹತ್ತಿದ ಕೈಯಲ್ಲೇ ಓಡಿ ಬಂದಳು.

ಹೆಳವರು ಗೊತ್ತಲ್ಲ? ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು. ಕೆಲವು ವರ್ಷಕ್ಕೊಮ್ಮೆ, ಸುಗ್ಗಿ ಆದ ಮೇಲೆ ಬರುತ್ತಾರೆ. ಹಿರಿಯರ ಹೆಸರು ಹೇಳುತ್ತಾರೆ, ಆಮೇಲೆ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ ಕೊಟ್ಟು ಕಳಿಸುತ್ತೇವೆ. ಒಂದು ಮಾತು ಇಲ್ಲಿ ನೆನಪಿಡಿ. ಒಬ್ಬ ಹೆಳವ ಊರಿನ ಎಲ್ಲ ಮನೆಗೂ ಹೋಗುವುದಿಲ್ಲ. ತನ್ನ ಪಾಲಿನ ಮನೆತನಗಳಿಗೆ ಮಾತ್ರ. ಪಕ್ಕದ ಓಣಿಯವರಿಗೆ ಅವನ ಮುಖವೇ ಗೊತ್ತಿರುವುದಿಲ್ಲ.

ನನ್ನ ಹೆಸರೂ ಬಂತು. "ಸಣ್ಣಾಂವನ ಹೇಣತಿ ಸುನೀತಾ, ಅಂದೋಲಾ ಕಡಿ ಹೆಣ್ಣು." ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಆಧಾರ್ ಕಾರ್ಡಿನಲ್ಲಿ ಹೆಸರು ನೋಡಿದಾಗ ಎಂದಾದರೂ ಹಾಗೆ ಆಗಿದೆಯೇ?

ಆಮೇಲೆ ಭೀಮಪ್ಪ ಜೇಬಿನಿಂದ ಫೋನ್ ತೆಗೆದ.

"ಕಣ್ಣು ಮೊದಲಿನಂಗ ಕಾಣಂಗಿಲ್ರಿ ಅಕ್ಕೋರ. ಮಗ ಹೇಳ್ಯಾನ, ಇದರಾಗ ಮಾತಾಡಿಸ್ಕೊಂಡು ಬಾ, ಮನ್ಯಾಗ ನಾ ಬರಕೋತೇನಿ ಅಂತ. ಹೊಸಾ ಮಕ್ಕಳ ಹೆಸರು ಹೇಳ್ರಿ."

"ಮೊಮ್ಮಗ ಹುಟ್ಟ್ಯಾನ ನೋಡು. ರಿಯಾಂಶ್" ಅಂದಳು ಅಕ್ಕ.

"ಯಾನಂದ್ರಿ?"

"ರಿಯಾಂಶ್ ಅಪ್ಪಾ, ರಿಯಾಂಶ್!"

"ಹಂಗಂದ್ರ ಏನ್ರಿ?"

"ಅದು ಅವರವ್ವಗೇ ಗೊತ್ತಿಲ್ಲ, ನನಗೇನ್ ಕೇಳ್ತಿ? ಬರಕೋ."

ಮೂವರೂ ನಕ್ಕೆವು. ಭೀಮಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದು ಓಣಿಗೆಲ್ಲ ಕೇಳುವಂತೆ ಹೇಳಿದ: "ಗಂಡು ಮಗು, ರಿಯಾಂಶ್, ಮೂರು ವರ್ಷ." ಎದುರು ಮನೆಯ ಮಾಳಿಗೆಯ ಮೇಲೆ ಯಾರೋ ಫೋನ್ ಹಿಡಿದು ನಿಂತಿದ್ದು ನನಗೆ ಕಂಡಿತ್ತು. ಕಂಡಿತ್ತು ಅಷ್ಟೇ. ಫೋನ್ ಹಿಡಿದು ನಿಲ್ಲದವರು ಯಾರಿದ್ದಾರೆ ಈಗ?

ಅಕ್ಕ ಚೀಲಕ್ಕೆ ಜೋಳ ಹಾಕಿದಳು, ಹೆಗಲಿಗೆ ಟವೆಲ್ ಹಾಕಿದಳು. ಭೀಮಪ್ಪ ಕೆಳಗಿನ ಓಣಿಯಲ್ಲಿರುವ ನಮ್ಮ ಮನೆತನದ ಅಣ್ಣತಮ್ಮಂದಿರ ಮನೆಗೆ ಹೊರಟ. ನಾನು ಒಳಗೆ ಬಂದು, ಚಹಾದ ಬಸಿ ತೊಳೆದಿಟ್ಟು, ಫೋನ್ ತೆಗೆದೆ.

ಗ್ರೂಪಿನಲ್ಲಿ ಅವನ ಫೋಟೊ ಇತ್ತು.

ಈ ಗ್ರೂಪಿನ ಬಗ್ಗೆ ಹೇಳಬೇಕು. ಡಿಗ್ರಿಯಲ್ಲಿ ಜೊತೆಗೆ ಓದಿದವರು, ಅವರ ಅಣ್ಣತಮ್ಮಂದಿರು, ಭಾವ ಮೈದುನರು ಎಲ್ಲ ಸೇರಿ ಬೆಳೆದ ಗ್ರೂಪು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನವರು ಇದ್ದೇವೆ. ಶಿಕ್ಷಕರಿದ್ದಾರೆ, ಬ್ಯಾಂಕಿನವರಿದ್ದಾರೆ, ಗೊಬ್ಬರದ ಅಂಗಡಿಯವರಿದ್ದಾರೆ. ಅಡ್ಮಿನ್ ಶಿವಾನಂದ, ನನ್ನ ಕ್ಲಾಸ್‌ಮೇಟ್, ಒಳ್ಳೆಯ ಮನುಷ್ಯ. ಎಲ್ಲರೂ ಓದಿದವರು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಎಲ್ಲರೂ ಓದಿದವರು.

ಮೊದಲ ಮೆಸೇಜಿನಲ್ಲಿ ತಪ್ಪೇನೂ ಇರಲಿಲ್ಲ. 'ನಮ್ಮೂರಾಗ ಒಬ್ಬ ಮಕ್ಕಳ ಹೆಸರು, ವಯಸ್ಸು ಫೋನ್‌ನ್ಯಾಗ ರೆಕಾರ್ಡ್ ಮಾಡಾಕತ್ತಾನ. ಯಾರಿಗರೇ ಗೊತ್ತದೇನು?' ಅಂತ ಆಳಂದ ಕಡೆಯ ಒಬ್ಬ ಕೇಳಿದ್ದ. ಕೇಳಲಿ. ಕೇಳಲೇಬೇಕು.

ಅಫಜಲಪುರದಿಂದ ಉತ್ತರ: 'ನಮ್ಮ ಕಡಿನೂ ಹಿಂಗೇ ಬಂದಿದ್ರಂತ. ದೊಡ್ಡ ಗ್ಯಾಂಗ್ ಅದ.'

ಜೇವರ್ಗಿಯ ಇನ್ನೊಬ್ಬ ಕಾನೂನು ಹಾಕಿದ. ಉದ್ದದ್ದು, ದಪ್ಪ ಅಕ್ಷರದ್ದು. ಹೊಸ ಡೇಟಾ ಕಾಯ್ದೆ ಬಂದಿದೆ. ಮಕ್ಕಳ ಹೆಸರು ಕೇಳುವುದೇ ಜಾಮೀನಿಲ್ಲದ ಅಪರಾಧ. ಸೆಕ್ಷನ್ 66ಎ ಪ್ರಕಾರ ಜೈಲು. ಅಂಥವರನ್ನು ಹಿಡಿಯುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ. ಅವರ ಫೋನ್ ಕಸಿದು ಚೆಕ್ ಮಾಡಬಹುದು. ಪಬ್ಲಿಕ್ ಏಟು ಕೊಟ್ಟರೆ ಕೇಸ್ ಆಗುವುದಿಲ್ಲ. ಕೊನೆಗೆ, 'ಬಂದದ್ದನ್ನು ಹಾಗೇ ಕಳಿಸಿದ್ದೇನೆ.'

ನೋಡಿ, ಪ್ರಶ್ನೆ ಆಳಂದದಲ್ಲಿ ಹುಟ್ಟಿತು. ಅಫಜಲಪುರದಲ್ಲಿ ಗ್ಯಾಂಗ್ ಆಯಿತು. ಜೇವರ್ಗಿಯಲ್ಲಿ ಕಾನೂನಾಯಿತು. ತಿರುಗಿ ಆಳಂದಕ್ಕೆ ಬಂದಾಗ ಬಡಿಗೆಯಾಯಿತು. ಇಷ್ಟಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತೀರಿ? ನಾನು ಬಸಿ ತೊಳೆದಿಡುವಷ್ಟು.

ಹೊರಗೆ ಗದ್ದಲ ಕೇಳಿಸಿತು. "ಅಕ್ಕಾ, ಬಾ" ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಫೋಟೊ ತೋರಿಸಿದೆ, ಸೆರಗು ಸಿಕ್ಕಿಸಿಕೊಂಡು ನನಗಿಂತ ಮುಂದೆ ಓಡಿದಳು.

ಕೆಳಗಿನ ಓಣಿಯ ತಿರುವಿನಲ್ಲಿ ಮಸ್ತಾನ್‌ಸಾಬರ ಹಿಟ್ಟಿನ ಗಿರಣಿ. ಅದರ ಮುಂದೆ ಜನ. ನಡುವೆ ಭೀಮಪ್ಪ. ಟವೆಲ್ ಕೆಳಗೆ ಬಿದ್ದಿತ್ತು. ಜೋಳದ ಚೀಲ ಹರಿದಿತ್ತು. ಅವನ ಫೋನ್ ಬೇರೆ ಯಾರದೋ ಕೈಯಲ್ಲಿತ್ತು.

"ಲಾಕ್ ತಗಿಲೇ!"

"ತಗೀತೇನ್ರಿ, ಕೊಡ್ರಿ ಇಲ್ಲಿ. ನಾ ಹೆಳವ ಇದ್ದೇನ್ರಿ..."

"ಹೆಳವ? ಹೆಳವ ಆದ್ರ ಎತ್ತು ಎಲ್ಲದಲೇ?"

ನಗಬೇಡಿ. ಆ ಪ್ರಶ್ನೆಗೆ ಅಲ್ಲಿ ಬಹಳ ತೂಕ ಬಂತು. ಹಿಂದೆ ಹೆಳವರು ಎತ್ತಿನ ಮೇಲೆ ಕೂತು ಬರುತ್ತಿದ್ದರು, ಗಂಟೆ ಬಾರಿಸುತ್ತ. ಇವನು ಮೋಟರ್ ಸೈಕಲ್ ಮೇಲೆ ಬಂದಿದ್ದಾನೆ. ಅಂದರೆ ಸುಳ್ಳು ಹೆಳವ! ಅಷ್ಟರಲ್ಲಿ ಇನ್ನೊಬ್ಬ ನಂಬರ್ ಪ್ಲೇಟ್ ನೋಡಿ ಕೂಗಿದ, "ಗಾಡಿ ಮಹಾರಾಷ್ಟ್ರ ಪಾಸಿಂಗ್ ಅದ ನೋಡ್ರಲೇ!" ಆಳಂದ ತಾಲೂಕಿನಲ್ಲಿ ಮಹಾರಾಷ್ಟ್ರದ ಸೆಕೆಂಡ್ ಹ್ಯಾಂಡ್ ಗಾಡಿ ಇಲ್ಲದ ಓಣಿ ಒಂದು ತೋರಿಸಿ ನೋಡೋಣ. ಕೂಗಿದವನೇ ಅಂಥದ್ದೊಂದು ಗಾಡಿಯ ಮೇಲೆ ಕೂತಿದ್ದ.

ನಾನು ಕೂಗಿದೆ. ಕಾಲೇಜಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿ ನನ್ನದು. "ಅವನು ನಮ್ಮ ಮನೆಗೆ ಬಂದವನು! ಕಾನೂನು ಹಾಗಿಲ್ಲ! ಬಿಡಿ ಅವನನ್ನ!"

ಒಬ್ಬ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದ, "ಮೇಡಮ್ಮೋರ, ನೀವು ಗ್ರೂಪ್ ನೋಡಿಲ್ಲೇನ್ರಿ? ಕಾನೂನ್ ಬಂದದರಿ."

ಇದೇ ನನ್ನ ತಲೆಯಲ್ಲಿ ಸುತ್ತುತ್ತಿದೆ. ಅವನು ಸಿಟ್ಟಿನಲ್ಲಿರಲಿಲ್ಲ. ಕುಡಿದಿರಲಿಲ್ಲ. ನನಗೆ ತಿಳಿಸಿ ಹೇಳುತ್ತಿದ್ದ. ತಾವು ಮಾಡುತ್ತಿರುವುದು ಕಾನೂನುಬದ್ಧ ಅಂತ ಆ ಗುಂಪು ನಂಬಿತ್ತು. ತಪ್ಪು ಮಾಡುತ್ತಿದ್ದೇನೆ ಅನ್ನುವವನ ಕೈ ಒಂದು ಕ್ಷಣ ನಡುಗೀತು. ಕಾನೂನು ತನ್ನ ಕಡೆ ಇದೆ ಅಂದುಕೊಂಡವನ ಕೈ ಯಾಕೆ ನಡುಗುತ್ತದೆ?

ಭೀಮಪ್ಪ ತನ್ನ ಫೋನಿಗಾಗಿ ಕೈ ಚಾಚಿದ. "ಕೈ ಎತ್ತಿದಾ!" ಅಂತ ಯಾರೋ ಒದರಿದರು. ಬಡಿಗೆ ಬಿತ್ತು. ಮಣಿಕಟ್ಟಿನ ಮೇಲೆ. ಆ ಸದ್ದನ್ನು ಇಲ್ಲಿ ಬರೆಯುವುದಿಲ್ಲ.

ಬಡಿಗೆ ಹಿಡಿದವನ ಮುಖ ನನಗೆ ಗೊತ್ತು. ಹಿಂದಿನ ದಿನ ನಮ್ಮ ಹೊಲದಲ್ಲಿ, ನಮ್ಮ ಕಂಬಳಿಯ ಮೇಲೆ ಕೂತು ಭಜ್ಜಿ ಉಂಡವನು. ನಾನೇ ಎರಡನೆಯ ಸಲ ಬಡಿಸಿದ್ದೆ.

ಮಹಾದೇವಿ ಅಕ್ಕ ಏನೂ ವಾದ ಮಾಡಲಿಲ್ಲ. ಗುಂಪಿನಲ್ಲಿ ನುಗ್ಗಿ ಭೀಮಪ್ಪನ ಒಳ್ಳೆಯ ತೋಳನ್ನು ಹಿಡಿದಳು. "ಸರೀಲೇ! ಹೆಣ್ಮಗಳ ಮೈಮ್ಯಾಲ ಬೀಳ್ತೀರೇನು? ಸರಿ!" ಅಂತ ಬೈಯುತ್ತ ಗಿರಣಿಯ ಮೆಟ್ಟಿಲು ಹತ್ತಿಸಿಬಿಟ್ಟಳು. ನಾನು ಹಿಂದೆ. ಒಳಗೆ ಮಸ್ತಾನ್‌ಸಾಬರು ಮೋಟರ್ ಬಂದ್ ಮಾಡಿ ನಿಂತಿದ್ದರು, ಹುಬ್ಬಿನ ಮೇಲೆಲ್ಲ ಹಿಟ್ಟು. ನಮ್ಮನ್ನು ನೋಡಿದ್ದೇ ಶಟರ್ ಎಳೆದರು.

ಅವರು ಊಟಕ್ಕೆ ಮನೆಗೆ ಹೋಗಿದ್ದರೆ? ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿದ್ದರೆ? ಈ ಎರಡು ಪ್ರಶ್ನೆಗಳು ದಿನಾ ನನ್ನ ಹತ್ತಿರ ಬಂದು ಕೂಡುತ್ತವೆ.

112ಕ್ಕೆ ಫೋನ್ ಮಾಡಿದೆ. ಎಲ್ಲಿ ಅಂತ ಕೇಳಿದರು. ಊರಿನ ಹೆಸರಿನ ಬದಲು 'ಗಿರಣಿ, ಗಿರಣಿ' ಅಂದೆ. ಅಕ್ಕ ಫೋನ್ ಕಸಿದುಕೊಂಡು ಹೇಳಿದಳು. ಬರುತ್ತೇವೆ ಅಂದರು. ಬರುವವರೆಗೆ?

ಬಡಿಯುವುದು ಶುರುವಾಯಿತು. ತಗಡಿನ ಶಟರ್ ಒಳಗೆ ಕೂತವರಿಗೆ ಪ್ರತಿ ಏಟೂ ಎದೆಯ ಮೇಲೇ ಬೀಳುತ್ತದೆ. ಪಾಳಿಗಿಟ್ಟ ಡಬ್ಬಿಗಳು ಗಡಗಡ ಅಲುಗುತ್ತಿದ್ದವು. ಹೊರಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಶಟರ್ ಮುರೀರಿ."

"ತಡಿಲೇ, ಮೊದಲ ಲೈವ್ ಹಚ್ಚು. ಲೈವ್ ಇದ್ರ ನಾವು ಮೀಡಿಯಾ ಆಗ್ತೇವಿ. ಮೀಡಿಯಾದವ್ರ ಮ್ಯಾಲ ಕೇಸ್ ಇಲ್ಲ."

"ಖರೇನೇನು?"

"ಗ್ರೂಪ್‌ನ್ಯಾಗ ಬಂದದ."

ನಾನು ಆಗ ಗ್ರೂಪ್ ತೆಗೆದೆ. ನೂರಾರು ಜನರಿಗೆ ಒಮ್ಮೆಲೇ ಸತ್ಯ ಹೇಳುವ ದಾರಿ ಕೈಯಲ್ಲೇ ಇದೆಯಲ್ಲ ಅನ್ನಿಸಿತು. ಅಲ್ಲಿ ಚರ್ಚೆ ಬಿಸಿಯಾಗಿತ್ತು. ಡೇಟಾ ಕಾಯ್ದೆಯಲ್ಲಿ ದಂಡ ಕೋಟಿಗಟ್ಟಲೆ ಅಂತ ಒಬ್ಬ. ಇಲ್ಲ, ಜೈಲು ಅಂತ ಇನ್ನೊಬ್ಬ. ಫಾರ್ವರ್ಡ್ ಮಾಡಿದವನಿಗೆ ತೊಂದರೆ ಇಲ್ಲ, ಮೊದಲು ಬರೆದವನಿಗೆ ಮಾತ್ರ ಅಂತ ಮತ್ತೊಬ್ಬ. 'ಹುಡುಗ್ರು ಭಾಳ ಛಲೋ ಕೆಲಸ ಮಾಡಾಕತ್ತಾರ' ಅಂತ ಚಪ್ಪಾಳೆಯ ಚಿತ್ರ. ಆ ಚಪ್ಪಾಳೆ ಹಾಕಿದವಳು ನನ್ನ ಮದುವೆಯಲ್ಲಿ ನನ್ನ ತಲೆ ಬಾಚಿದವಳು.

ಟೈಪ್ ಮಾಡಿದೆ. ಎರಡು ಸಲ ಅಳಿಸಿ ಬರೆದೆ. 'ಆ ಮನುಷ್ಯ ಹೆಳವ. ನಮ್ಮ ಮನೆತನದ ಹೆಳವ. ಈಗ ನನ್ನ ಮುಂದೆ ಕೂತಿದ್ದಾನೆ. ಕೈ ಮುರಿದಿದೆ. ಹೊರಗೆ ಜನ ಶಟರ್ ಒಡೆಯುತ್ತಿದ್ದಾರೆ. ದಯವಿಟ್ಟು ಆ ಮೆಸೇಜ್ ಸುಳ್ಳು ಅಂತ ಎಲ್ಲರಿಗೂ ಹೇಳಿ.'

ಉತ್ತರ ಬಂತು. 'ಪ್ರೂಫ್ ಹಾಕ್ರಿ ಮೇಡಂ.'

ಗ್ಯಾಂಗ್ ಅಂದಾಗ ಯಾರೂ ಪ್ರೂಫ್ ಕೇಳಿರಲಿಲ್ಲ.

ಇನ್ನೊಬ್ಬ ಬರೆದ: 'ಅಡ್ಮಿನ್, ಇದು ಪೊಲೀಸ್ ಮ್ಯಾಟರ್ ಆಗ್ತದ. ಗ್ರೂಪ್‌ನ್ಯಾಗ ಯಾರು ಏನ್ ಹಾಕಿದ್ರೂ ಅಡ್ಮಿನ್ ಒಳಗ ಹೋಗ್ತಾನ. ಮೇಡಮ್ಮಂದು ಡಿಲೀಟ್ ಮಾಡ್ರಿ.' ನಾನು ಫೋಟೊ ತೆಗೆಯಲು ಕ್ಯಾಮೆರಾ ಒತ್ತಿದೆ. ಭೀಮಪ್ಪ ತಲೆ ತಗ್ಗಿಸಿದ್ದ. ತೆಗೆಯಲು ಮನಸ್ಸು ಬರಲಿಲ್ಲ. ತಿರುಗಿ ಗ್ರೂಪಿಗೆ ಬಂದರೆ, ನನ್ನನ್ನು ತೆಗೆದುಹಾಕಲಾಗಿತ್ತು.

ಶಿವಾನಂದ ನನ್ನನ್ನು ಗ್ರೂಪಿನಿಂದ ಹೊರಗೆ ಹಾಕಿದ್ದ. ಒಳಗೂ ಶಟರ್, ಹೊರಗೂ ಶಟರ್.

"ಯಾನ್ ಅಂತಾರ್ರಿ ಅಕ್ಕೋರ?" ಅಂತ ಭೀಮಪ್ಪ ಕೇಳಿದ. ನನ್ನ ಮುಖ ನೋಡಿ ಏನೋ ಬಂದಿರಬೇಕು ಅಂದುಕೊಂಡಿದ್ದ.

"ಏನಿಲ್ಲ. ಬರಾಕತ್ತಾರ" ಅಂದೆ.

ಮಸ್ತಾನ್‌ಸಾಬರು ಶಟರಿಗೆ ಬೆನ್ನು ಕೊಟ್ಟು ಕೂತಿದ್ದರು. ಹೊರಗಿನವರಿಗೆ ಕೂಗಿದರು, "ನಿಮ್ಮ ನಿಮ್ಮ ಜ್ವಾಳ ಇಲ್ಲೇ ಅದಾವ್ರಲೇ! ಒಡದ್ರ ನಿಮ್ಮ ಹಿಟ್ಟ ಮಣ್ಣಪಾಲಾಗ್ತದ!" ಒಂದು ಕ್ಷಣ ಬಡಿಯುವುದು ನಿಂತಿತು. (ನಮ್ಮ ಜನ ಕಾನೂನಿಗೆ ನಿಲ್ಲಲಿಲ್ಲ, ಹಿಟ್ಟಿಗೆ ನಿಂತರು.) ಮತ್ತೆ ಶುರುವಾಯಿತು. ಆದರೆ ಮೊದಲಿನ ಜೋರು ಇರಲಿಲ್ಲ. ಜೀಪಿನ ಸದ್ದು ಕೇಳುವ ಹೊತ್ತಿಗೆ ಒಂದಿಬ್ಬರ ಕೈ ಮಾತ್ರ ಉಳಿದಿತ್ತು.

ಶಟರ್ ಏರಿದಾಗ ಬಿಸಿಲು ಒಮ್ಮೆಲೇ ಬಂತು. ಓಣಿ ಖಾಲಿ. ಒಬ್ಬರೂ ಇಲ್ಲ. ನೆಲದ ಮೇಲೆ ಜೋಳ ಚೆಲ್ಲಿತ್ತು.

ಭೀಮಪ್ಪನನ್ನು ಜೀಪಿನಲ್ಲೇ ಆಸ್ಪತ್ರೆಗೆ ಒಯ್ದರು. ಕೈಗೆ ಪ್ಲಾಸ್ಟರ್ ಆಗಿದೆ. ಕೂಡಿಕೊಳ್ಳುತ್ತದೆ ಅಂದಿದ್ದಾರೆ.

ಮರುದಿನ ನಾನು ಕಲಬುರಗಿಯಲ್ಲಿರುವ ವಕೀಲೆ ಗೆಳತಿಯ ಮನೆಗೆ ಹೋಗಿ ಕೂತೆ. ನಾನು ಕಾಮರ್ಸ್ ಕಲಿಸುವವಳು, ಬಿ.ಕಾಂನಲ್ಲಿ ಬಿಸಿನೆಸ್ ಲಾ ಒಂದು ಪೇಪರ್ ಓದಿದ್ದು ಬಿಟ್ಟರೆ ನನಗೆ ಕಾನೂನು ಗೊತ್ತಿಲ್ಲ. ಇಲ್ಲಿ ಬರೆಯುವ ಮೊದಲು ಕೇಳಿ ತಿಳಿದುಕೊಳ್ಳಬೇಕಿತ್ತು. ಆ ದಪ್ಪ ಅಕ್ಷರದ ಮೆಸೇಜನ್ನು ಅವಳ ಮುಂದೆ ಇಟ್ಟೆ.

ಅವಳು ಓದಿ, ಕನ್ನಡಕ ತೆಗೆದು, "ಇದನ್ನ ಬರೆದಾಂವಗ ಒಂದು ಸಾಲರೇ ಬರಾಬ್ಬರಿ ಬರೀಬೇಕಂತ ಅನಿಸಿಲ್ಲಲ್ಲ!" ಅಂದಳು.

ಡೇಟಾ ಕಾಯ್ದೆ ಇದೆ, ಸುಳ್ಳಲ್ಲ. ಆದರೆ ಅದು ಮುಖ್ಯವಾಗಿ ನಮ್ಮ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಗುಡ್ಡೆ ಹಾಕಿಕೊಳ್ಳುವ ಕಂಪನಿಗಳು, ಆ್ಯಪ್‌ಗಳು, ಸಂಸ್ಥೆಗಳನ್ನು ಹಿಡಿದು ನಿಲ್ಲಿಸಲು ಬಂದದ್ದು. ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಅನ್ನುವುದೂ ಅದರಲ್ಲಿದೆ. ಒಬ್ಬ ಹೆಳವನಿಗೆ ಅದು ಹತ್ತುತ್ತದೋ, ಅಂದರೆ ಅನ್ವಯವಾಗುತ್ತದೋ ಇಲ್ಲವೋ, ಅದೇ ಒಂದು ವಾದ. "ಹತ್ತೇದ ಅಂತಲೇ ಇಟಗೋ" ಅಂದಳು ಗೆಳತಿ. "ಅದರಾಗ ಜೈಲ್ ಎಲ್ಲದ? ದಂಡ ಅದ. ಅದನ್ನ ಹಾಕಾಕ ಒಂದು ಮಂಡಳಿ ಅದ. ಆ ಮಂಡಳಿ ಹಿಟ್ಟಿನ ಗಿರಣಿ ಮುಂದ ಕೂಡಂಗಿಲ್ಲ."

66ಎ? ಸುಪ್ರೀಂ ಕೋರ್ಟ್ ಎಂದೋ ರದ್ದು ಮಾಡಿದ ಸೆಕ್ಷನ್ ಅದು. ಹೆಸರು ಕೇಳಿದ್ದಕ್ಕೂ ಅದಕ್ಕೂ ಮೊದಲೂ ಸಂಬಂಧವಿರಲಿಲ್ಲ. ಸತ್ತ ಸೆಕ್ಷನ್‌ಗಳಿಗೆ ವಾಟ್ಸಾಪಿನಲ್ಲಿ ಎಂದೂ ಸಾವಿಲ್ಲ.

ನಾಗರಿಕರು ಹಿಡಿಯಬಹುದು ಅನ್ನುವುದು ಅರ್ಧ ನಿಜ. ಅರ್ಧ ನಿಜವೇ ಹೆಚ್ಚು ಅಪಾಯ. ಕಣ್ಣೆದುರಿಗೇ ಘೋರ ಅಪರಾಧ ಮಾಡಿದವನನ್ನು ಸಾಮಾನ್ಯ ಮನುಷ್ಯ ಹಿಡಿದು, ತಡಮಾಡದೆ ಪೊಲೀಸರಿಗೆ ಒಪ್ಪಿಸಬಹುದು. ಅಷ್ಟೇ. ಆ 'ಹಿಡಿಯಬಹುದು' ಅನ್ನುವಲ್ಲಿ ಬಡಿಗೆ ಎಲ್ಲಿಂದ ಬಂತು? ಫೋನ್ ಕಸಿದುಕೊಳ್ಳುವ ಹಕ್ಕು ಎಲ್ಲಿಂದ ಬಂತು? ಹೆಸರು ಕೇಳುವುದು ಯಾವ ಘೋರ ಅಪರಾಧ?

'ಬಂದದ್ದನ್ನು ಹಾಗೇ ಕಳಿಸಿದ್ದೇನೆ' ಅನ್ನುವುದರ ಬಗ್ಗೆ ಕೇಳಿದೆ. ಅವಳು ನಕ್ಕಳು. "ಯಾರೋ ನಿನ್ನ ಕೈಗೆ ಉರಿಯೋ ಕೊಳ್ಳಿ ಕೊಟ್ರು. ನೀ ಅದನ್ನ ಬಣವಿಗೆ ಒಗದಿ. 'ಬಂದಂಗ ಒಗದೇನ್ರಿ' ಅಂದ್ರ ಬಣವಿ ಮಾಲಕ ಬಿಡ್ತಾನೇನು?" ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಎಬ್ಬಿಸಿದರೆ ಹಬ್ಬಿಸಿದವನೂ ಸಿಕ್ಕಿಬೀಳಬಹುದು. ಕೆಳಗಿನ ಆ ಸಾಲು ಯಾರನ್ನೂ ಕಾಯುವುದಿಲ್ಲ. ಲೈವ್ ಹಚ್ಚಿದವನು ಮೀಡಿಯಾ ಆಗುವುದೂ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷ್ಯ ತಯಾರು ಮಾಡಿಕೊಳ್ಳುತ್ತಾನೆ.

ಇನ್ನು ಶಿವಾನಂದನ ಭಯ. ಬೇರೆಯವರು ಹಾಕಿದ ಪೋಸ್ಟಿಗೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ ಹೈಕೋರ್ಟುಗಳೇ ಹೇಳಿವೆಯಂತೆ. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಅಳು ಬಂತು. ಇಲ್ಲದ ಒಂದು ಕಾನೂನಿಗೆ ಹೆದರಿ ಅವನು ನನ್ನ ಬಾಯಿ ಮುಚ್ಚಿದ. ಇಲ್ಲದ ಇನ್ನೊಂದು ಕಾನೂನನ್ನು ನಂಬಿ ಇವರು ಕೈ ಮುರಿದರು. ಹೆದರಿದವನೂ ಓದಿಲ್ಲ, ಹೆದರದವರೂ ಓದಿಲ್ಲ.

ಶಿವಾನಂದನ ಫೋನ್ ಬಂದದ್ದು ಅದೇ ಸಂಜೆ.

"ಸುನೀತಾ, ಸಿಟ್ಟಾಗಿ ಏನು? ಆ ಹೊತ್ತಿನ್ಯಾಗ ಗಾಬರಿಯಾಗಿ ತೆಗದೇನವ್ವಾ."

"ಗೊತ್ತಾತು."

"ಈಗೇನು ಆಗಿಲ್ಲಲ್ಲ. ಎಲ್ಲಾರೂ ಎಲ್ಲಾ ಡಿಲೀಟ್ ಮಾಡ್ಯಾರ. ಡಿಲೀಟ್ ಫಾರ್ ಎವ್ರಿವನ್. ಪುರಾವೆನೇ ಇಲ್ಲ ಅಂದ ಮ್ಯಾಲ ಕೇಸ್ ಹೆಂಗ ನಿಲ್ತದ? ನೀನೂ ಬಿಟ್ಟುಬಿಡು."

ನಾನು ನನ್ನ ಫೋನ್ ನೋಡಿದೆ. ಎಲ್ಲವೂ ಇತ್ತು. ಆಳಂದದ ಪ್ರಶ್ನೆ, ಅಫಜಲಪುರದ ಗ್ಯಾಂಗ್, ಜೇವರ್ಗಿಯ ದಪ್ಪ ಅಕ್ಷರ, ಚಪ್ಪಾಳೆ, ಪ್ರೂಫ್ ಹಾಕ್ರಿ. ಹೆಸರು ಸಮೇತ. ಅವರು ಡಿಲೀಟ್ ಮಾಡುವ ಮೊದಲೇ ನನ್ನನ್ನು ಹೊರಗೆ ಹಾಕಿದ್ದರು. ಹೊರಗೆ ಹಾಕಿದವಳ ಫೋನಿಗೆ ಆಮೇಲೆ ಮಾಡಿದ ಡಿಲೀಟ್ ತಲುಪಲಿಲ್ಲ.

"ಶಿವಾನಂದ, ನನ್ನ ಬಲ್ಲಿ ಎಲ್ಲಾ ಅದ" ಅಂದೆ.

ಆ ಕಡೆ ಬಾಗಿಲು ಹಾಕಿದ ಸದ್ದು ಕೇಳಿತು. ಆಮೇಲೆ, "ಸ್ಕ್ರೀನ್‌ಶಾಟ್ ಕೋರ್ಟ್‌ನ್ಯಾಗ ನಡಿಯಂಗಿಲ್ಲ ಬಿಡು" ಅಂದ. (ಇನ್ನೊಂದು ಕಾನೂನು!)

"ಸ್ಕ್ರೀನ್‌ಶಾಟ್ ಯಾರು ಕೊಡಾಕತ್ತಾರ? ಫೋನ್ ಕೊಡ್ತೇನಿ. ಅದಕ್ಕ ಬೇಕಾದ ಸರ್ಟಿಫಿಕೇಟ್ ಸಹಿ ಮಾಡಿ ಕೊಡ್ತೇನಿ."

"ಎಲ್ಲಾ ನಮ್ಮ ಮಂದಿನೇ ಅದಾರ ಸುನೀತಾ."

"ಭೀಮಪ್ಪ ಯಾರ ಮಂದಿ?"

ಫೋನ್ ಇಟ್ಟ. ಅವನು ಒಳ್ಳೆಯ ಮನುಷ್ಯ ಅಂತ ಮೇಲೆ ಬರೆದಿದ್ದೇನೆ. ಈಗಲೂ ಅದನ್ನು ಹೊಡೆದುಹಾಕುವುದಿಲ್ಲ. ಕೆಟ್ಟವರಷ್ಟೇ ಇಂಥದ್ದು ಮಾಡುತ್ತಾರೆ ಅಂದುಕೊಂಡಿರುವವರೆಗೆ ನಮಗೆ ಬುದ್ಧಿ ಬರುವುದಿಲ್ಲ.

ಮನೆಯಲ್ಲಿ ಇದಕ್ಕಿಂತ ಕಷ್ಟವಾಯಿತು. ಭಾವ ಫೋನ್ ಮಾಡಿ, "ನೀವು ಜೇವರ್ಗ್ಯಾಗ ಇರ್ತೀರಿ. ಅದೇ ಓಣ್ಯಾಗ ಬಾಳೇ ಮಾಡೋರು ನಾವು" ಅಂದರು. ತಪ್ಪೇನಿಲ್ಲ ಅವರ ಮಾತಿನಲ್ಲಿ. ಆಗ ಹಿಂದಿನಿಂದ ಮಹಾದೇವಿ ಅಕ್ಕನ ದನಿ ಕೇಳಿತು. "ನಾ ಹಿಡಿದ ಕೈ ಅದು. ನಾ ಹೇಳ್ತೇನಿ. ಓಣ್ಯಾಗ ಇರೋದು 'ನಾವು' ಅಂತೀರಿ, ನಾ ಏನ್ ಚಂದ್ರನ ಮ್ಯಾಲ ಇರ್ತೇನೇನ್ರಿ?" ಭಾವ ನಗಲೂ ಆಗದೆ, ಬೈಯಲೂ ಆಗದೆ ಫೋನ್ ಕಟ್ ಮಾಡಿದರು.

ಮಸ್ತಾನ್‌ಸಾಬರನ್ನು ಕೇಳುವುದು ಹೇಗೆ ಅಂತ ಹಿಂಜರಿದಿದ್ದೆ. ಗಿರಣಿ ನಡೆಯುವುದು ಊರಿನವರಿಂದ. ಅವರೇ ಠಾಣೆಯ ಮುಂದೆ ನಮಗಿಂತ ಮೊದಲು ಬಂದು ಕೂತಿದ್ದರು.

"ಗಿರಣಿಗೆ ಯಾರೂ ಬರಂಗಿಲ್ಲ ಅಂತಾರಂತಲ್ರಿ?" ಅಂದೆ.

"ಬ್ಯಾಡ ಬಿಡ್ರಿ ಅಕ್ಕೋರ. ರೊಟ್ಟಿ ತಿನ್ನಲಾರದ ಎಷ್ಟ ದಿನ ಇರ್ತಾರ ನೋಡೂಣು."

ಠಾಣೆಗೆ ಹೋಗುವ ಮೊದಲೇ ಭೀಮಪ್ಪನನ್ನೂ ನೋಡಿ ಬಂದಿದ್ದೆ. ಆಳಂದದಲ್ಲಿ ಮಗಳ ಮನೆಯಲ್ಲಿದ್ದಾನೆ. ಕೇಸ್ ಬೇಡ ಅಂದ ಮೊದಲು. "ನಾ ತಿರುಗೋ ಮನಷ್ಯಾ ಇದ್ದೇನ್ರಿ. ಕೇಸ್ ಅಂದ್ರ ಊರೂರಾಗ ಹೆಸರಾಗ್ತದ. ಇಂವ ಬಂದ್ರ ಪೊಲೀಸರು ಬರ್ತಾರ ಅಂತಾರ. ಯಾರ ಮನಿ ಕಟ್ಟಿ ಮ್ಯಾಲ ಕೂಡ್ಸಿಕೋತಾರ?" ಅವನ ಅನ್ನ ಇರುವುದೇ ಆ ಕಟ್ಟೆಗಳ ಮೇಲೆ. ನಾನು ಒತ್ತಾಯ ಮಾಡಲಿಲ್ಲ. ನಾವು ಕಂಡದ್ದನ್ನು ಹೇಳುತ್ತೇವೆ, ಅದು ನಮ್ಮ ಕೆಲಸ ಅಂದೆ. ಅವನು ಪ್ಲಾಸ್ಟರಿನ ಕೈ ನೋಡಿಕೊಂಡು ಕೂತ. ಕೊನೆಗೆ, "ನೀವು ಹೇಳ್ತೀರಿ ಅಂದ್ರ ನಾನೂ ಹೇಳ್ತೇನ್ರಿ. ಪೆಟ್ಟ ತಿಂದಾಂವ ನಾ, ನಾನೇ ಸುಮ್ಮ ಕುಂತ್ರ ಹೆಂಗ?" ಅಂದ.

ಹೇಳಿಕೆ ಕೊಟ್ಟೆವು. ಬಡಿಗೆ ಹಿಡಿದವನ ಹೆಸರು ಹೇಳಿದೆ. ಹೇಳುವಾಗ ಅವನು ಕಂಬಳಿಯ ಮೇಲೆ ಕೂತು ಉಂಡದ್ದು ಕಣ್ಣ ಮುಂದೆ ಬಂತು. ನಿಲ್ಲಿಸಲಿಲ್ಲ. ಫೋನ್ ಕೊಟ್ಟು, ಸಹಿ ಹಾಕಿ, ಹೊರಗೆ ಬಂದೆ.

ಈಗ ನಾನು ಯಾವ ಗ್ರೂಪಿನಲ್ಲೂ ಇಲ್ಲ. ಒಬ್ಬ ವಿದ್ಯಾರ್ಥಿ ಕೇಳಿದ, ಕಾನೂನಿನ ಪೋಸ್ಟ್ ಬಂದರೆ ನಿಜವೋ ಸುಳ್ಳೋ ತಿಳಿಯುವುದು ಹೇಗೆ ಮಿಸ್ ಅಂತ. ಯಾರನ್ನಾದರೂ ಹೊಡೆ ಅಂತ ಹೇಳುವ ಕಾನೂನು ಬಂದರೆ ಅದು ಸುಳ್ಳು, ಉಳಿದದ್ದನ್ನು ನಿಧಾನಕ್ಕೆ ತಿಳಿದುಕೊಳ್ಳೋಣ ಅಂದೆ.

ಸಮನ್ಸ್ ಯಾವಾಗ ಬಂದರೂ ನಾವು ಹೋಗುತ್ತೇವೆ. ಮುಂದಕ್ಕೆ ಹಾಕುತ್ತಾರೆ, ಮತ್ತೆ ಹೋಗುತ್ತೇವೆ. ಆ ಮಧ್ಯಾಹ್ನ ಗಿರಣಿಯ ಮುಂದೆ ಇಡೀ ಓಣಿಯ ಕ್ಯಾಮೆರಾ ಆನ್ ಆಗಿತ್ತು. ಪೆಟ್ಟು ತಿಂದವನನ್ನು ಬಿಟ್ಟರೆ ಕಂಡೆ ಅಂತ ಠಾಣೆಗೆ ಬಂದು ಹೇಳಿದವರು ಮೂರೇ ಜನ.

ಉಳಿದವರೇ, ಅಷ್ಟು ಹೊತ್ತು ಫೋನ್ ಎತ್ತಿ ಹಿಡಿದು ನೀವು ನೋಡಿದ್ದಾದರೂ ಏನು?